ಕಾರು ಇಳಿಸುವ ಮುನ್ನ ಶಾಕ್ ನೋಡಿ



ನಮ್ಮ ಕೂಟದ ಕಾರ್ಯಕ್ರಮಕ್ಕೆ ಬಂದಾಗ ಪಾರ್ಕಿಂಗ್ ಜಾಗವನ್ನು ಒಮ್ಮೆ ಸುಮ್ಮನೆ ನೋಡಿಕೊಂಡು ಬನ್ನಿ. ಹಿಂದೆಲ್ಲ ಅಲ್ಲಿ ಕ್ಯಾಮ್ರಿ, ಅಕಾರ್ಡ್, ಸಿಯೆನ್ನಾ, ಒಡಿಸ್ಸಿ ಬಿಟ್ಟರೆ ಬೇರೇನೂ ಹೆಚ್ಚಾಗಿ ಕಾಣುತ್ತಿರಲಿಲ್ಲ. ಈಗ ಅವುಗಳ ನಡುವೆ ಸುಬರು ಡಬ್ಲ್ಯುಆರ್‌ಎಕ್ಸ್, ಗಾಲ್ಫ್ ಜಿಟಿಐ, ಸಿವಿಕ್ ಎಸ್‌ಐ, ಮಿಯಾಟಾಗಳೂ ನಿಂತಿರುತ್ತವೆ. ಒಂದೆರಡು ಕಾರುಗಳಂತೂ ನೆಲಕ್ಕೆ ಅಂಟಿಕೊಂಡಂತೆ ತಗ್ಗಿರುತ್ತವೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಕೆಲಸಕ್ಕೆ ಸೇರಿದ್ದಾರೆ. ಎಂ.ಎಸ್. ಮುಗಿಸಿದ ಹುಡುಗರ ಕೈಗೆ ಮೊದಲ ಬಾರಿ ಸ್ವಂತ ದುಡ್ಡು ಬಂದಿದೆ. ಕಾರಿನ ಆಸೆ ಹುಟ್ಟುವ ವಯಸ್ಸು ಅದು, ತಪ್ಪೇನಿಲ್ಲ.

ಈ ಹುಡುಗ ಹುಡುಗಿಯರು ಕಾರು ತೆಗೆದುಕೊಂಡ ಆರು ತಿಂಗಳಿಗೆ ಹುಡುಕಲು ಹೊರಡುವ ವಸ್ತು ಒಂದಿದೆ. ಅದರ ಹೆಸರು ಕಾಯಿಲ್‌ಓವರ್. ‘ಸಾವಿರ ಡಾಲರ್ ಒಳಗೆ ಒಳ್ಳೆಯ ಕಾಯಿಲ್‌ಓವರ್ ಯಾವುದು ಅಣ್ಣಾ?’ ಎಂದು ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವ ನಮ್ಮಂಥವರಿಗೆ ಇಂಥ ಪ್ರಶ್ನೆ ಎಂದರೆ ಹಬ್ಬದೂಟ. ಹಾಗಾಗಿ ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಹೇಳಿಬಿಡೋಣ ಎಂದು ಇದನ್ನು ಬರೆಯುತ್ತಿದ್ದೇನೆ. ಕಾರಿನ ಗೀಳು ಇಲ್ಲದ ಅಪ್ಪ ಅಮ್ಮಂದಿರೂ ಓದಬೇಕೆಂಬುದು ನನ್ನ ಆಸೆ. ಏಕೆಂದರೆ ಬಹಳ ಮನೆಗಳಲ್ಲಿ ಈ ವಿಷಯಕ್ಕೆ ಆಗುವ ಜಗಳದಲ್ಲಿ ಎರಡೂ ಕಡೆಯವರು ಅರ್ಧ ಸರಿ, ಅರ್ಧ ತಪ್ಪು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಡಿಮೆ ದುಡ್ಡಿನಲ್ಲಿ ಸಸ್ಪೆನ್ಷನ್ ಸುಧಾರಿಸುವವರು ದುಡ್ಡು ಹಾಕಬೇಕಾದದ್ದು ಡ್ಯಾಂಪರ್‌ಗೆ, ಅಂದರೆ ಶಾಕ್ ಅಬ್ಸಾರ್ಬರ್‌ಗೆ. ಎತ್ತರ ಇಳಿಸುವ ಸೌಲಭ್ಯಕ್ಕೂ ಅಲ್ಲ, ತಿರುಗಿಸುವ ಗುಬಟಿಗಳ ಲೆಕ್ಕಕ್ಕೂ ಅಲ್ಲ, ಬಣ್ಣಕ್ಕಂತೂ ಮೊದಲೇ ಅಲ್ಲ. ಈ ಒಂದು ಮಾತು ಹಿಡಿದುಕೊಂಡರೆ ಆಯ್ಕೆಯ ಕೆಲಸ ಮುಕ್ಕಾಲು ಪಾಲು ಮುಗಿಯುತ್ತದೆ.

ಸ್ಪ್ರಿಂಗ್ ಏನು ಮಾಡುತ್ತದೆ, ಶಾಕ್ ಏನು ಮಾಡುತ್ತದೆ?

ಸ್ಪ್ರಿಂಗ್ ಕಾರಿನ ಭಾರ ಹೊರುತ್ತದೆ. ಚಕ್ರ ಗುಂಡಿಗೆ ಬಿದ್ದಾಗ, ಉಬ್ಬು ಹತ್ತಿದಾಗ ಅದು ಕುಗ್ಗಿ ಹಿಗ್ಗುತ್ತದೆ. ಆದರೆ ಕುಗ್ಗಿದ ಸ್ಪ್ರಿಂಗ್ ತಾನು ನುಂಗಿದ ಶಕ್ತಿಯನ್ನು ಹಾಗೇ ವಾಪಸ್ ಉಗುಳುತ್ತದೆ. ತಡೆಯುವವರು ಇಲ್ಲದಿದ್ದರೆ ಕಾರು ಜಾತ್ರೆಯ ಕುದುರೆಯಂತೆ ಎಗರುತ್ತಲೇ ಇರುತ್ತದೆ. ಆ ಶಕ್ತಿಯನ್ನು ಎಣ್ಣೆಯ ಮೂಲಕ ಬಿಸಿಯಾಗಿ ಪರಿವರ್ತಿಸಿ ಮುಗಿಸುವುದು ಶಾಕ್‌ನ ಕೆಲಸ. ಊರಿನ ಗ್ಯಾರೇಜಿನಲ್ಲಿ ಬೈಕಿನ ‘ಜಂಪ್’ ಹೋಗಿದೆ ಅನ್ನುತ್ತಿದ್ದರಲ್ಲ, ಅದೇ ಇದು. ಕಾರು ತಿರುವಿನಲ್ಲಿ ಅಥವಾ ಹಠಾತ್ ಬ್ರೇಕಿನಲ್ಲಿ ರಸ್ತೆ ಹಿಡಿದಿರಬೇಕಾದರೆ ಟೈರು ನೆಲಕ್ಕೆ ಒತ್ತಿಕೊಂಡೇ ಇರಬೇಕು. ಟೈರನ್ನು ಹಾಗೆ ಒತ್ತಿ ಇಡುವ ಕೆಲಸದಲ್ಲಿ ಸ್ಪ್ರಿಂಗ್‌ನಷ್ಟೇ ಪಾಲು ಶಾಕ್‌ಗೂ ಇದೆ.

ಸ್ಪ್ರಿಂಗ್ ಶಾಕ್‌ನ ಸುತ್ತ ಕೂತಿದ್ದರೆ ಅದು ಕಾಯಿಲ್‌ಓವರ್. ಆ ಅರ್ಥದಲ್ಲಿ ನಿಮ್ಮ ಕ್ಯಾಮ್ರಿಯ ಮುಂದಿನ ಸ್ಟ್ರಟ್ ಕೂಡ ಕಾಯಿಲ್‌ಓವರೇ. ಅಂಗಡಿ ಭಾಷೆಯಲ್ಲಿ ಮಾತ್ರ ಕಾಯಿಲ್‌ಓವರ್ ಎಂದರೆ ಮೈಗೆ ಮರೆ ಇರುವ, ಸ್ಪ್ರಿಂಗ್ ಕೂರುವ ಬಳೆಯನ್ನು ಮೇಲೆ ಕೆಳಗೆ ತಿರುಗಿಸಿ ಕಾರಿನ ಎತ್ತರ ಬದಲಿಸಬಹುದಾದ ಸೆಟ್. ಎತ್ತರ ಬದಲಿಸುವ ಈ ಮರೆಯನ್ನು ಮಾಡುವುದು ಸುಲಭ, ಅದಕ್ಕೆ ಖರ್ಚೂ ಕಡಿಮೆ. ಒಳಗಿರುವ ಪಿಸ್ಟನ್, ತೆಳು ತಗಡಿನ ಬಿಲ್ಲೆಗಳು, ಸೀಲು, ದಂಡದ ನುಣುಪು, ಇವುಗಳನ್ನು ಪ್ರತಿ ಬಾರಿಯೂ ಒಂದೇ ಅಳತೆಗೆ ಮಾಡುವುದು ಕಷ್ಟ, ಅದಕ್ಕೇ ದುಡ್ಡು. ಆದ್ದರಿಂದ ನಾಲ್ಕು ಚಕ್ರಕ್ಕೂ ಸೇರಿ ನಾನೂರು ಡಾಲರ್‌ಗೆ ಯಾರಾದರೂ ಸೆಟ್ ಮಾರುತ್ತಿದ್ದರೆ ಎಲ್ಲಿ ಉಳಿಸಿದ್ದಾರೆಂದು ಊಹಿಸುವುದು ಕಷ್ಟವಲ್ಲ. ಉಳಿಸಿರುವುದು ಕಣ್ಣಿಗೆ ಕಾಣದ ಜಾಗದಲ್ಲೇ.

ಸ್ವಲ್ಪ ಲೆಕ್ಕ

ಎಂಜಿನಿಯರುಗಳ ಕೂಟದಲ್ಲಿ ಲೆಕ್ಕವಿಲ್ಲದೆ ವಾದ ಮಾಡಿದರೆ ಯಾರು ಒಪ್ಪುತ್ತಾರೆ? ಸುಮಾರು 1,500 ಕೆಜಿ ತೂಗುವ, ಮುಂದೆ ಭಾರ ಹೆಚ್ಚಿರುವ ಕಾರು ಎಂದಿಟ್ಟುಕೊಳ್ಳಿ. ಮುಂದಿನ ಒಂದೊಂದು ಸ್ಪ್ರಿಂಗ್ ಹೊರುವ ಭಾರ 400 ಕೆಜಿ ಎನ್ನೋಣ. ಮ್ಯಾಕ್‌ಫರ್ಸನ್ ಸ್ಟ್ರಟ್ ಆದ್ದರಿಂದ ಸ್ಪ್ರಿಂಗ್‌ನ ಗಡಸು ಹೆಚ್ಚುಕಡಿಮೆ ಹಾಗೇ ಚಕ್ರಕ್ಕೆ ಸಿಗುತ್ತದೆ. ಸ್ಪ್ರಿಂಗ್ ಗಡಸು ಪ್ರತಿ ಮಿಲಿಮೀಟರಿಗೆ 3.5 ಕೆಜಿ ಇದ್ದರೆ ಕಾರಿನ ಮೂತಿ ಸೆಕೆಂಡಿಗೆ ಸುಮಾರು 1.5 ಸಲ ಏರಿಳಿಯಲು ಬಯಸುತ್ತದೆ. ಇದು ಮನೆಮಂದಿಯ ಕಾರಿಗೆ ಹೊಂದುವ ಗತಿ. 5 ಕೆಜಿ ಮಾಡಿದರೆ ಸುಮಾರು 1.75. ಚುರುಕು ಕಾರಿಗೆ ಸೈ. ಆದರೆ ಅಗ್ಗದ ಸೆಟ್‌ಗಳಲ್ಲಿ 8 ಕೆಜಿಯ ಸ್ಪ್ರಿಂಗ್ ಬಂದರೂ ಆಶ್ಚರ್ಯವಿಲ್ಲ. ಅದನ್ನು ಹಾಕಿದರೆ 2.2 ದಾಟುತ್ತದೆ. ನುಣುಪಾದ ರೇಸ್ ಟ್ರ್ಯಾಕಿಗೆ ಅದು ಚೆನ್ನ. ಹಿಂದಿನ ಸೀಟಿನಲ್ಲಿ ಊರಿಂದ ಬಂದ ಅಮ್ಮ ಕೂತಿದ್ದರೆ ಅಲ್ಲ.

ಇಷ್ಟೇ ಆದರೆ ಸೊಂಟ ನೋವಿನ ಮಾತು ಎಂದು ಹುಡುಗರು ನಕ್ಕುಬಿಡಬಹುದು. ಮುಖ್ಯ ವಿಷಯ ಮುಂದಿದೆ. ಸ್ಪ್ರಿಂಗ್ ಗಡಸಾದಷ್ಟೂ ಅದನ್ನು ಹಿಡಿಯುವ ಶಾಕ್ ಕೂಡ ಬಲವಾಗಬೇಕು. ಬೇಕಾದ ಡ್ಯಾಂಪಿಂಗ್ ಸ್ಪ್ರಿಂಗ್ ಗಡಸಿನ ವರ್ಗಮೂಲದ ಪ್ರಮಾಣದಲ್ಲಿ ಏರುತ್ತದೆ. 3.5ರಿಂದ 8ಕ್ಕೆ ಹೋದರೆ ಸುಮಾರು ಒಂದೂವರೆ ಪಟ್ಟು. ಗಡಸು ಸ್ಪ್ರಿಂಗ್‌ಗೆ ಸೊರಗಿದ ಶಾಕ್ ಜೋಡಿಸಿದರೆ ಏನಾಗುತ್ತದೆ? ಉಬ್ಬು ಹತ್ತಿದ ಚಕ್ರ ತಕ್ಷಣ ನೆಲಕ್ಕೆ ಕೂರುವುದಿಲ್ಲ, ಪುಟಿಯುತ್ತದೆ. ಕಾರು ‘ಗಟ್ಟಿ’ ಇದೆ ಎಂದು ಓಡಿಸುವವನಿಗೆ ಅನ್ನಿಸುತ್ತದೆ, ಆದರೆ ಟೈರಿನ ಹಿಡಿತ ಮೊದಲಿಗಿಂತ ಕಡಿಮೆ. ಗಡಸುತನವನ್ನೇ ಹಿಡಿತ ಎಂದು ತಿಳಿಯುವುದೇ ಈ ವ್ಯಾಪಾರದ ಬಂಡವಾಳ ಎಂದು ನಾನಂತೂ ನಂಬಿದ್ದೇನೆ.

ಇದಕ್ಕೆ ನಮ್ಮ ಮಿಷಿಗನ್ ರಸ್ತೆ ಸೇರಿಸಿ. ಬೆಂಗಳೂರಿನ ಗುಂಡಿಗಳನ್ನು ಬಿಟ್ಟು ಬಂದೆವು ಎಂದು ಬೀಗುವವರಿಗೆ ಇಲ್ಲಿನ ಮಾರ್ಚ್ ತಿಂಗಳು ತಕ್ಕ ಉತ್ತರ ಕೊಡುತ್ತದೆ. ರಸ್ತೆಯ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಕೊನೆಗೆ ಡಾಂಬರು ಕಿತ್ತು ಬರುತ್ತದೆ. ಮಳೆ ಬೀಳುವಾಗ ಗಂಟೆಗೆ 70 ಮೈಲಿ ವೇಗದಲ್ಲಿ ಹೋಗುತ್ತಿದ್ದೀರಿ, ಮುಂದಿನ ಲಾರಿಯಿಂದ ಏನೋ ಬಿತ್ತು, ಪಕ್ಕದ ಸಾಲಿಗೆ ಎಳೆಯಬೇಕು, ಆ ಜಾಗದಲ್ಲೇ ರಸ್ತೆ ಒರಟಾಗಿದೆ. ಆ ಎರಡು ಸೆಕೆಂಡಿನಲ್ಲಿ ಕಾರು ಎಷ್ಟು ತಗ್ಗಿ ಚೆಂದ ಕಾಣುತ್ತಿದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಇಳಿಸಿದಷ್ಟೂ ಒಳ್ಳೆಯದೇ?

‘ಕಾರು ತಗ್ಗಿದರೆ ಗುರುತ್ವ ಕೇಂದ್ರ ಇಳಿಯುತ್ತದೆ, ತಿರುವಿನಲ್ಲಿ ವಾಲುವುದು ಕಡಿಮೆ’ ಎಂಬ ವಾದ ಎಲ್ಲರ ಬಾಯಲ್ಲೂ ಇದೆ. ಸ್ವಲ್ಪ ದೂರದವರೆಗೆ ಅದು ನಿಜ. ಆದರೆ ಸ್ಟ್ರಟ್ ಇರುವ ಕಾರಿನಲ್ಲಿ ಕೆಳಗಿನ ಕಂಟ್ರೋಲ್ ಆರ್ಮ್‌ನ ಓರೆ ಬದಲಾದಂತೆ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ಅಂದರೆ ರೋಲ್ ಸೆಂಟರ್, ಗುರುತ್ವ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಾಗುತ್ತದೆ. ಅಂದರೆ ವಾಲಿಸುವ ಸನ್ನೆಯೇ ಉದ್ದವಾಗುತ್ತದೆ. ಅತಿಯಾಗಿ ಇಳಿಸಿದ ಕಾರು ಅದೇ ಸ್ಪ್ರಿಂಗ್‌ನಲ್ಲಿ ಮೊದಲಿಗಿಂತ ಹೆಚ್ಚು ವಾಲಲು ನೋಡುತ್ತದೆ. ಅದನ್ನು ತಡೆಯಲು ಇನ್ನೂ ಗಡಸು ಸ್ಪ್ರಿಂಗ್ ಬೇಕು. ಹೀಗೆ ಒಂದು ಖರ್ಚು ಇನ್ನೊಂದನ್ನು ಕರೆಯುತ್ತದೆ.

ಜೊತೆಗೆ ಚಕ್ರ ಮೇಲೆ ಚಲಿಸಲು ಇರುವ ಜಾಗವೂ ಕಡಿಮೆಯಾಗುತ್ತದೆ. ಕೊನೆಯಲ್ಲಿ ರಬ್ಬರಿನ ಬಂಪ್ ಸ್ಟಾಪ್ ಇರುತ್ತದೆ. ಸಸ್ಪೆನ್ಷನ್ ಅದಕ್ಕೆ ಬಡಿದಾಗ ಗಡಸು ಒಮ್ಮೆಲೇ ಹಲವು ಪಟ್ಟು ಏರುತ್ತದೆ. ತಿರುವಿನ ಮಧ್ಯೆ ಹೀಗಾದರೆ ಆ ಚಕ್ರದ ಹಿಡಿತ ಥಟ್ಟನೆ ಜಾರಬಹುದು. ರಸ್ತೆಯ ಕಾರಿಗೆ ಒಂದು ಇಂಚಿಗಿಂತ ಹೆಚ್ಚು ಇಳಿಸುವವರು ಓಟಕ್ಕಾಗಿ ಅಲ್ಲ, ನೋಟಕ್ಕಾಗಿ ಇಳಿಸುತ್ತಿದ್ದಾರೆ ಎಂಬುದು ನನ್ನ ಖಡಾಖಂಡಿತ ಮಾತು. ನೋಟಕ್ಕಾಗಿ ಮಾಡುವುದು ಅವರವರ ಇಷ್ಟ. ಆದರೆ ಅದಕ್ಕೆ ‘ಹ್ಯಾಂಡ್ಲಿಂಗ್’ ಎಂದು ಹೆಸರಿಡುವುದು ಬೇಡ.

ಎತ್ತರ ಬದಲಿಸುವುದರಲ್ಲೂ ಎರಡು ಬಗೆ ಇದೆ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು. ಒಂದು ಬಗೆಯಲ್ಲಿ ಸ್ಪ್ರಿಂಗ್ ಕೂರುವ ಬಳೆ ಮಾತ್ರ ಸರಿಯುತ್ತದೆ. ಇನ್ನೊಂದರಲ್ಲಿ ಶಾಕ್‌ನ ಕೆಳಗಿನ ಬ್ರಾಕೆಟ್ ಕೂಡ ಮರೆಯ ಮೇಲೆ ಸರಿಯುತ್ತದೆ. ಎರಡನೆಯದರಲ್ಲಿ ಶಾಕ್ ಒಳಗೆ ಪಿಸ್ಟನ್ ಇರುವ ಜಾಗ ಬದಲಾಗದೆ ಕಾರನ್ನು ಇಳಿಸಬಹುದು. ಅನುಕೂಲವೇ, ಆದರೆ ಚಕ್ರ ಫೆಂಡರಿಗೆ ತಗಲುವ ಮಟ್ಟಕ್ಕೂ ಇಳಿಸಬಹುದು ಎಂಬುದು ಅದರ ಅಪಾಯ. ಮೊದಲ ಬಗೆ ಹಳೆಯದಾದರೂ, ಒಳ್ಳೆಯ ತಯಾರಕರು ಹೇಳಿದ ಮಿತಿಯೊಳಗೆ ಇಟ್ಟುಕೊಂಡರೆ ಯಾವ ಕೊರತೆಯೂ ಇಲ್ಲ.

ಮೂವತ್ತೆರಡು ಕ್ಲಿಕ್ಕಿನ ಮಾಯೆ

ಅಗ್ಗದ ಸೆಟ್‌ಗಳ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯುವುದು ‘24 ಹಂತ’, ‘30 ಹಂತ’, ‘32 ಹಂತ’ ಎಂದು. ಒಂದೇ ಗುಬಟಿ ಇದ್ದಲ್ಲಿ ಸಾಮಾನ್ಯವಾಗಿ ಅದು ಕುಗ್ಗುವ ಮತ್ತು ಹಿಗ್ಗುವ ಎರಡೂ ಡ್ಯಾಂಪಿಂಗ್‌ಗಳನ್ನು ಒಟ್ಟಿಗೆ ಬದಲಿಸುತ್ತದೆ, ಇಲ್ಲವೇ ಹಿಗ್ಗುವುದನ್ನು ಮಾತ್ರ. ಅದೂ ಪಿಸ್ಟನ್ ನಿಧಾನವಾಗಿ ಚಲಿಸುವಾಗ ಹೆಚ್ಚು, ಗುಂಡಿಗೆ ಬಿದ್ದು ವೇಗವಾಗಿ ಚಲಿಸುವಾಗ ಕಡಿಮೆ. ಹೀಗಾಗಿ ಕಾರು ಗುಂಡಿಯಲ್ಲಿ ಕುಕ್ಕುತ್ತಿದೆ ಎಂದು ಗುಬಟಿ ಸಡಿಲಿಸಿದರೆ ಕುಕ್ಕುವುದು ಅಷ್ಟೇನೂ ಕಡಿಮೆಯಾಗುವುದಿಲ್ಲ, ಹೈವೇಯಲ್ಲಿ ತೇಲುವುದು ಮಾತ್ರ ಶುರುವಾಗುತ್ತದೆ. ಮೂವತ್ತು ಕ್ಲಿಕ್ಕುಗಳಲ್ಲಿ ಹತ್ತಕ್ಕೆ ವ್ಯತ್ಯಾಸವೇ ಇಲ್ಲದಿದ್ದರೆ, ಎಡಗಡೆಯ ಹನ್ನೆರಡನೇ ಕ್ಲಿಕ್ ಬಲಗಡೆಯ ಹದಿನಾರಕ್ಕೆ ಸಮವಾಗಿದ್ದರೆ, ಆ ಸಂಖ್ಯೆಗೆ ಅರ್ಥವೇನು? ಹಾರ್ಮೋನಿಯಂನಲ್ಲಿ ಮನೆ ಹೆಚ್ಚಿದ್ದರೆ ಸಾಲದು, ಶ್ರುತಿ ಸೇರಬೇಕು.

ಇದನ್ನು ತಿಳಿಯಲು ದಾರಿ ಇದೆ. ಶಾಕ್ ಡೈನೋ ಎಂಬ ಯಂತ್ರದಲ್ಲಿ ಡ್ಯಾಂಪರ್ ಇಟ್ಟು, ಯಾವ ವೇಗಕ್ಕೆ ಎಷ್ಟು ಬಲ ಕೊಡುತ್ತದೆ ಎಂದು ಅಳೆದು ಗ್ರಾಫ್ ತೆಗೆಯುತ್ತಾರೆ. ‘ನಿಮ್ಮ ಸೆಟ್‌ನ ಡೈನೋ ಗ್ರಾಫ್ ಕಳಿಸಿ’ ಎಂದು ಮಾರುವವರನ್ನು ಕೇಳಿ. ಕಳಿಸುವವರು ಕಳಿಸುತ್ತಾರೆ. ಕೆಲವರಿಗೆ ನೀವು ಕೇಳುತ್ತಿರುವುದು ಏನೆಂದೇ ಗೊತ್ತಿರುವುದಿಲ್ಲ. ಅದೂ ಒಂದು ಉತ್ತರವೇ.

ಮಾನೋಟ್ಯೂಬ್ ಎಂದರೆ ಶ್ರೇಷ್ಠ, ಟ್ವಿನ್‌ಟ್ಯೂಬ್ ಎಂದರೆ ಕನಿಷ್ಠ ಎಂಬ ಮಾತನ್ನೂ ನಂಬಬೇಡಿ. ಮಾನೋಟ್ಯೂಬ್ ಬೇಗ ತಣಿಯುತ್ತದೆ, ಟ್ರ್ಯಾಕಿನಲ್ಲಿ ಅದಕ್ಕೆ ಬೆಲೆ ಇದೆ. ಬಿಲ್‌ಸ್ಟೈನ್ ಹೆಸರು ಮಾಡಿದ್ದೇ ಅದರಲ್ಲಿ. ಆದರೆ ಕೆಡಬ್ಲ್ಯು ಮತ್ತು ಕೋನಿ ಕಂಪನಿಗಳ ರಸ್ತೆ ಕಾರಿನ ಪ್ರಸಿದ್ಧ ಡ್ಯಾಂಪರುಗಳು ಟ್ವಿನ್‌ಟ್ಯೂಬ್. ಕಳಪೆ ಮಾನೋಟ್ಯೂಬ್‌ಗಿಂತ ಒಳ್ಳೆಯ ಟ್ವಿನ್‌ಟ್ಯೂಬ್ ಯಾವತ್ತೂ ಮೇಲು.

ಹಾಗಾದರೆ ಯಾವುದು ಕೊಳ್ಳಬೇಕು?

ಮೊದಲ ಆಯ್ಕೆ: ಕಾಯಿಲ್‌ಓವರೇ ಬೇಡ. ಕಾರಿನ ಮೂಲ ಎತ್ತರ ಸಾಕು ಎನ್ನುವವರು, ಅಥವಾ ಮುಕ್ಕಾಲು ಇಂಚು ಇಳಿದರೆ ಸಾಕು ಎನ್ನುವವರು, ಒಳ್ಳೆಯ ಕಂಪನಿಯ ನಾಲ್ಕು ಶಾಕ್, ಬೇಕಿದ್ದರೆ ಅದಕ್ಕೆ ಹೊಂದುವ ಸ್ಪ್ರಿಂಗ್ ಕೊಳ್ಳುವುದು ಉತ್ತಮ. ಬಿಲ್‌ಸ್ಟೈನ್‌ನಲ್ಲಿ ಮೂಲ ಎತ್ತರಕ್ಕೆ ಬಿ6, ಇಳಿಸಿದ ಸ್ಪ್ರಿಂಗ್‌ಗೆ ಬಿ8 ಎಂದು ಬೇರೆ ಬೇರೆ ಮಾಡುತ್ತಾರೆ. ಬಿ8 ಶಾಕ್‌ಗೆ ಐಬಾಕ್ ಸ್ಪ್ರಿಂಗ್ ಜೋಡಿಸಿ ಬಿ12 ಎಂದು ಸೆಟ್ಟಾಗಿಯೂ ಮಾರುತ್ತಾರೆ. ಕೋನಿಯ ಹಳದಿ ಶಾಕ್ ಹಲವು ಕಾರುಗಳಿಗೆ ಸಿಗುತ್ತದೆ. ಇಲ್ಲಿ ನಿಮ್ಮ ಸಾವಿರ ಡಾಲರ್‌ನ ಬಹುಪಾಲು ಡ್ಯಾಂಪರ್ ಒಳಗೇ ಹೋಗುತ್ತದೆ. ಹುಡುಗರಿಗೆ ಇದು ಸಪ್ಪೆ ಎನಿಸುತ್ತದೆ, ನನಗೆ ಗೊತ್ತು. ಆದರೆ ಎಸ್‌ಸಿಸಿಎ ನಡೆಸುವ ಆಟೋಕ್ರಾಸ್ ಸ್ಪರ್ಧೆಯ ನಿಯಮ ನೋಡಿ. ಸ್ಟ್ರೀಟ್ ವರ್ಗದಲ್ಲಿ ಶಾಕ್ ಬದಲಿಸಬಹುದು, ಸ್ಪ್ರಿಂಗ್ ಬದಲಿಸುವಂತಿಲ್ಲ. ಆ ವರ್ಗದಲ್ಲಿ ಗೆಲ್ಲುವವರು ಮೂಲ ಸ್ಪ್ರಿಂಗ್ ಹಾಗೇ ಇಟ್ಟು ಒಳ್ಳೆಯ ಶಾಕ್‌ಗೆ ದುಡ್ಡು ಸುರಿಯುತ್ತಾರೆ. ಕಾಯಿಲ್‌ಓವರ್ ಹಾಕಿದ ಕ್ಷಣವೇ ಹೊಸಬ ಹುಡುಗ ಇನ್ನೂ ಬದಲಾಯಿಸಿದ ಕಾರುಗಳ ವರ್ಗಕ್ಕೆ ಹೋಗಿ, ಪಳಗಿದವರ ಎದುರು ನಿಲ್ಲಬೇಕಾಗುತ್ತದೆ.

ಎರಡನೆಯ ಆಯ್ಕೆ: ಗುಬಟಿ ಇಲ್ಲದ ಕಾಯಿಲ್‌ಓವರ್. ಎತ್ತರ ಮಾತ್ರ ಬದಲಿಸಬಹುದು, ಡ್ಯಾಂಪಿಂಗ್ ಕಾರ್ಖಾನೆಯಲ್ಲೇ ಕೂರಿಸಿರುತ್ತದೆ. ಬಿಲ್‌ಸ್ಟೈನ್ ಬಿ14, ಕೆಡಬ್ಲ್ಯು ವಿ1, ಕೆಡಬ್ಲ್ಯು ಕಂಪನಿಯದೇ ಅಗ್ಗದ ಹೆಸರಾದ ಎಸ್‌ಟಿಯ ಎಕ್ಸ್ ಈ ಜಾತಿಯವು. ಬೆಲೆ ಕಾರಿನ ಮೇಲೆ ಹೋಗುತ್ತದೆ, ಸಾಮಾನ್ಯವಾಗಿ ಸಾವಿರ ಡಾಲರ್ ಸುತ್ತಮುತ್ತ ಶುರು. ಹತ್ತು ಸಲ ಪರೀಕ್ಷಿಸಿ ಒಂದು ಸೆಟ್ಟಿಂಗ್ ಹುಡುಕುವ ಕೆಲಸವನ್ನು ತಿಳಿದವರು ಮಾಡಿಟ್ಟಿದ್ದಾರೆ. ರಸ್ತೆಯ ಕಾರಿಗೆ, ಕಡಿಮೆ ಬಜೆಟ್ಟಿಗೆ ನನ್ನ ಮತ ಇವಕ್ಕೆ.

ಮೂರನೆಯದು: ಗುಬಟಿ ಇರುವ, ಆದರೆ ಅಮೆರಿಕದಲ್ಲೇ ಸರ್ವೀಸ್ ಸಿಗುವ ಸೆಟ್. ತೈವಾನಿನ ಬಿಸಿ ರೇಸಿಂಗ್‌ನ ಬಿಆರ್, ವರ್ಜೀನಿಯಾದ ಫಾರ್ಚೂನ್ ಆಟೋದ 500 ಸರಣಿ ಇಲ್ಲಿ ಬರುತ್ತವೆ. ಕೊಳ್ಳುವಾಗಲೇ ಬೇಕಾದ ಸ್ಪ್ರಿಂಗ್ ಗಡಸು ಹೇಳಿ ಮಾಡಿಸಿಕೊಳ್ಳಬಹುದು ಎಂಬುದು ಇವುಗಳ ದೊಡ್ಡ ಗುಣ. ಆ ಅವಕಾಶ ಬಳಸಿಕೊಳ್ಳಿ, ಮೆದು ಸ್ಪ್ರಿಂಗ್ ಕೇಳಿ. ಜಪಾನಿನ ಟೈನ್‌ನ ಫ್ಲೆಕ್ಸ್ ಝೆಡ್ ಇನ್ನೊಂದು ದಾರಿ ಹಿಡಿದಿದೆ. ಅದು ಬಿಚ್ಚಲಾಗದ ಮುಚ್ಚಿದ ಡ್ಯಾಂಪರ್. ಕೆಟ್ಟರೆ ರಿಪೇರಿ ಇಲ್ಲ, ಆ ಒಂದನ್ನು ಮಾತ್ರ ಹೊಸದು ತಂದು ಹಾಕುವುದು.

ನಾಲ್ಕನೆಯದು: ಹೆಸರೇ ಕೇಳದ ನಾನೂರು ಡಾಲರ್ ಸೆಟ್. ಇದಕ್ಕಿಂತ ಕಾರ್ಖಾನೆಯ ಶಾಕ್ ಚೆನ್ನಾಗಿದ್ದರೆ ಅದರಲ್ಲೇ ಇರಿ. ಇನ್ನೊಬ್ಬರು ಬಳಸಿ ಬಿಟ್ಟ ಕಾಯಿಲ್‌ಓವರ್ ಕೊಳ್ಳುವವರೂ ಹುಷಾರು. ಸೀಲು ಸೋರಿಲ್ಲ ಎಂದ ಮಾತ್ರಕ್ಕೆ ಶಾಕ್ ಬದುಕಿದೆ ಎಂದಲ್ಲ. ರಿಪೇರಿ ಮಾಡಿಸುವ ಖರ್ಚನ್ನೂ ಸೇರಿಸಿಯೇ ಚೌಕಾಸಿ ಮಾಡಿ.

ಜರ್ಮನಿಯ ಕಾಗದ

ಆಯ್ಕೆಗೆ ಒಂದು ಸುಲಭ ಜರಡಿ ಹೇಳುತ್ತೇನೆ. ಮಿಷಿಗನ್‌ನಲ್ಲಿ ಕಾರುಗಳಿಗೆ ವರ್ಷ ವರ್ಷ ಸುರಕ್ಷತಾ ತಪಾಸಣೆ ಇಲ್ಲ. ನೀವು ಏನು ಹಾಕಿಸಿದರೂ ಸಾಮಾನ್ಯವಾಗಿ ಯಾರೂ ಬಂದು ನೋಡುವುದಿಲ್ಲ. ಜರ್ಮನಿಯಲ್ಲಿ ಹಾಗಲ್ಲ. ಅಲ್ಲಿ ಸಸ್ಪೆನ್ಷನ್ ಬದಲಿಸಿದರೆ ಟ್ಯೂಫ್ ನಂಥ ಸಂಸ್ಥೆಯ ತಜ್ಞರು ನೋಡಿ ಒಪ್ಪಬೇಕು, ಇಲ್ಲದಿದ್ದರೆ ಕಾರು ರಸ್ತೆಗೆ ಇಳಿಸುವ ಪರವಾನಗಿಯೇ ಹೋಗಬಹುದು. ಅದಕ್ಕಾಗಿ ಅಲ್ಲಿನ ಕಂಪನಿಗಳು ತಮ್ಮ ಸೆಟ್‌ಗೆ ‘ಟೈಲೆಗುಟಾಖ್ಟೆನ್’ ಎಂಬ ಪರೀಕ್ಷಾ ವರದಿ ಮಾಡಿಸಿರುತ್ತವೆ. ಯಾವ ಕಾರಿಗೆ, ಎಷ್ಟರಿಂದ ಎಷ್ಟರವರೆಗೆ ಇಳಿಸಬಹುದು ಎಂಬುದು ಅದರಲ್ಲಿ ಇರುತ್ತದೆ. ನಮಗೆ ಇಲ್ಲಿ ಆ ಕಾಗದ ಕಾನೂನಿಗೆ ಬೇಕಿಲ್ಲ. ಆದರೆ ನಿಮ್ಮ ಕಾರಿಗೆ ಅಂಥ ವರದಿ ಇರುವ ಸೆಟ್ ಸಿಕ್ಕರೆ, ಬೇರೆ ಯಾರೋ ಕಣ್ಣಲ್ಲಿ ಕಣ್ಣಿಟ್ಟು ಅದನ್ನು ಪರೀಕ್ಷಿಸಿದ್ದಾರೆ ಎಂದು ಅರ್ಥ. ಆ ಪರೀಕ್ಷೆಯ ಫಲ ನಮಗೆ ಪುಕ್ಕಟೆ ಸಿಗುತ್ತದೆ. ಇಳಿಸುವ ಮಿತಿಯನ್ನೂ ಅದರಲ್ಲಿ ಇದ್ದಂತೆಯೇ ಪಾಲಿಸಿ.

ಇಲ್ಲಿನ ಚಳಿಗಾಲದ ಉಪ್ಪಿನ ಲೆಕ್ಕವೂ ಬೇರೆ. ರಸ್ತೆಗೆ ಸುರಿಯುವ ಉಪ್ಪು ಮರೆಯೊಳಗೆ ಕೂತು, ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಬಳೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಎತ್ತರ ಬದಲಿಸಬಹುದೆಂದು ಕೊಂಡ ಸೆಟ್ ಒಂದೇ ಎತ್ತರದಲ್ಲಿ ಶಾಶ್ವತವಾಗಿ ನಿಲ್ಲುತ್ತದೆ! ಕೆಡಬ್ಲ್ಯು ತನ್ನ ವಿ ಸರಣಿಯ ಮೈಯನ್ನು ಸ್ಟೇನ್‌ಲೆಸ್ ಉಕ್ಕಿನಲ್ಲಿ ಮಾಡುತ್ತದೆ, ಎಸ್‌ಟಿಯಲ್ಲಿ ಸತುವಿನ ಲೇಪ ಇರುತ್ತದೆ. ಬೆಲೆಯ ವ್ಯತ್ಯಾಸದ ಒಂದು ಪಾಲು ಇದಕ್ಕೇ. ಬಿಸಿಲೂರು ಟೆಕ್ಸಾಸ್, ಕ್ಯಾಲಿಫೋರ್ನಿಯಾದ ಗೆಳೆಯರ ಸಲಹೆಯನ್ನು ಇಲ್ಲಿಗೆ ಹಾಗೇ ತರಬೇಡಿ. ಯಾವ ಸೆಟ್ ಆದರೂ ಹಾಕುವ ದಿನವೇ ಮರೆಗೆ ಆಂಟಿ ಸೀಜ್ ಹಚ್ಚಿಸಿ, ವಸಂತದಲ್ಲಿ ತೊಳೆಯಿರಿ.

ಬಿಲ್ಲಿನಲ್ಲಿ ಕಾಣದ ಖರ್ಚು

ಸೆಟ್‌ನ ಬೆಲೆಯೇ ಒಟ್ಟು ಬೆಲೆ ಅಲ್ಲ. ಹಾಕುವ ಕೂಲಿ ಇದೆ. ಎತ್ತರ ಬದಲಾದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲದಿದ್ದರೆ ಹೊಸ ಟೈರು ಒಂದೇ ಬೇಸಗೆಯಲ್ಲಿ ಒಳಬದಿ ಸವೆದು ಹೋಗುತ್ತದೆ. ಹೆಡ್‌ಲೈಟ್‌ನ ನೋಟ ಸರಿಮಾಡಿಸಬೇಕು. ಈಚಿನ ಕಾರುಗಳಲ್ಲಿ ಕ್ಯಾಮೆರಾ, ರಾಡಾರ್ ಇಟ್ಟು ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಇರುತ್ತದೆ. ಕಾರಿನ ಎತ್ತರ, ಓರೆ ಬದಲಾದರೆ ಅದರ ಕಣ್ಣು ತಪ್ಪಬಹುದು. ನಿಮ್ಮ ಕಾರಿನ ಮಾಲೀಕರ ಕೈಪಿಡಿ ಈ ಬಗ್ಗೆ ಏನು ಹೇಳುತ್ತದೆ ಎಂದು ಮೊದಲು ಓದಿ. ಇನ್ಶೂರೆನ್ಸ್ ಕಂಪನಿಗೂ ಬದಲಾವಣೆ ತಿಳಿಸಿ.

ಬಿ14, ಎಸ್‌ಟಿ ಎಕ್ಸ್‌ನಂಥ ಸೆಟ್‌ಗಳು ಸಾಮಾನ್ಯವಾಗಿ ಕಾರಿನ ಮೂಲ ಟಾಪ್ ಮೌಂಟನ್ನೇ ಬಳಸಿಕೊಳ್ಳುತ್ತವೆ. ಅಂದರೆ ಹಳೆಯ ಸ್ಟ್ರಟ್ಟಿನಿಂದ ಅದನ್ನು ಬಿಚ್ಚಬೇಕು, ಬಿಚ್ಚಲು ಸ್ಪ್ರಿಂಗ್ ಕುಗ್ಗಿಸಬೇಕು. ಕುಗ್ಗಿಸಿದ ಸ್ಪ್ರಿಂಗ್ ಕೈತಪ್ಪಿದರೆ ಪ್ರಾಣಕ್ಕೇ ಕುತ್ತು. ಬಾಡಿಗೆ ಸಾಮಾನು ತಂದು ಗ್ಯಾರೇಜಿನಲ್ಲಿ ಮಾಡುತ್ತೇನೆ ಎಂದು ಮಗ ಹೊರಟರೆ ಆ ಒಂದು ಕೆಲಸವನ್ನು ಮಾತ್ರ ಅಂಗಡಿಯಲ್ಲಿ ಮಾಡಿಸಿ. ಉಳಿದದ್ದನ್ನು ಅವನು ಕಲಿಯಲಿ, ಕಲಿಯುವುದು ಒಳ್ಳೆಯದೇ. ಕಾರು ಚಕ್ರದ ಮೇಲೆ ನಿಂತು ತನ್ನ ಎತ್ತರಕ್ಕೆ ಬಂದ ಮೇಲೆಯೇ ಆರ್ಮ್‌ಗಳ ರಬ್ಬರ್ ಬುಷ್‌ನ ಬೋಲ್ಟ್ ಬಿಗಿ ಮಾಡಬೇಕು ಎಂದು ಮಾತ್ರ ನೆನಪಿಸಿ. ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ವಾರಂಟಿ ಬಗ್ಗೆ ಹೆದರಿಕೆ ಸ್ವಲ್ಪ ಹೆಚ್ಚೇ ಇದೆ. ಹೊರಗಿನ ಭಾಗ ಹಾಕಿದ ಮಾತ್ರಕ್ಕೆ ಇಡೀ ಕಾರಿನ ವಾರಂಟಿ ರದ್ದಾಗುವುದಿಲ್ಲ. ಇದಕ್ಕೆ 1975ರ ಮ್ಯಾಗ್ನುಸನ್ ಮಾಸ್ ಕಾಯ್ದೆಯ ರಕ್ಷಣೆ ಇದೆ. ಆದರೆ ಆ ಭಾಗದಿಂದಲೇ ಹಾಳಾಯಿತು ಎಂದು ತೋರಿಸಿದರೆ ಅದರ ಖರ್ಚು ನಿಮ್ಮದು. ಸ್ಟ್ರಟ್ಟಿನ ಸುತ್ತಲಿನ ಬೇರಿಂಗ್, ಬುಷ್, ಆಕ್ಸಲ್‌ಗಳ ವಿಷಯದಲ್ಲಿ ಹೀಗೆ ಆಗುವ ಸಾಧ್ಯತೆ ಇದ್ದೇ ಇದೆ.

ಎರಡೂ ಕಡೆಯವರಿಗೆ

ಅಪ್ಪ ಅಮ್ಮಂದಿರೇ, ‘ಕಂಪನಿಯವರು ಹಾಕಿದ್ದು ಸಾಲದಾ? ದುಂದು ಖರ್ಚು’ ಎಂದು ತಳ್ಳಿಹಾಕಬೇಡಿ. ಎಪ್ಪತ್ತು, ಎಂಬತ್ತು ಸಾವಿರ ಮೈಲಿ ಓಡಿದ ಹಳೆಯ ಕಾರಿನ ಶಾಕ್ ಸೊರಗಿರುವುದು ಸಹಜ. ಅದನ್ನು ಬದಲಿಸಬೇಕೆಂದು ಮಗಳು ಹೇಳಿದರೆ ಅದು ಶೋಕಿಯಲ್ಲ, ಬ್ರೇಕ್ ಪ್ಯಾಡ್ ಬದಲಿಸಿದಷ್ಟೇ ಜವಾಬ್ದಾರಿಯ ಮಾತು. ಬೈಯುವ ಬದಲು ಎರಡು ಪ್ರಶ್ನೆ ಕೇಳಿ: ಸ್ಪ್ರಿಂಗ್ ಗಡಸು ಎಷ್ಟು, ಡೈನೋ ಗ್ರಾಫ್ ಎಲ್ಲಿ? ಉತ್ತರ ಬಂದರೆ ಮಗು ಓದಿಕೊಂಡಿದೆ ಎಂದು ತಿಳಿಯಿರಿ. ಬರದಿದ್ದರೆ ಓದಲು ಕಳಿಸಿ.

ತಮ್ಮಂದಿರೇ, ತಂಗಿಯರೇ, ನಿಮಗೂ ಒಂದು ಮಾತು. ಸಸ್ಪೆನ್ಷನ್‌ಗಿಂತ ಮೊದಲು ಟೈರು ನೋಡಿ. ಸವೆದ ಅಗ್ಗದ ಟೈರಿನ ಮೇಲೆ ಯಾವ ಕಾಯಿಲ್‌ಓವರ್ ಕೂರಿಸಿದರೂ ಫಲವಿಲ್ಲ. ಟೈರು, ಆಮೇಲೆ ಬ್ರೇಕ್ ಎಣ್ಣೆ ಮತ್ತು ಪ್ಯಾಡ್, ಆಮೇಲೆ ಸವೆದ ಬುಷ್, ಆಮೇಲೆ ಶಾಕ್, ಕೊನೆಗೆ ಬೇಕೆನಿಸಿದರೆ ಕಾಯಿಲ್‌ಓವರ್. ಈ ಸಾಲಿನಲ್ಲಿ ನಡೆದರೆ ದುಡ್ಡು ಕಡಿಮೆ ಹೋಗುತ್ತದೆ, ಕಾರು ಚೆನ್ನಾಗಿ ಓಡುತ್ತದೆ. ವೇಗದ ಆಸೆಗೆ ಹೈವೇ ಬೇಡ. ಸೌತ್ ಹೇವನ್‌ನ ಜಿಂಜರ್‌ಮ್ಯಾನ್ ಟ್ರ್ಯಾಕ್ ಇದೆ, ವಾಟರ್‌ಫರ್ಡ್ ಹಿಲ್ಸ್ ಇದೆ, ಖಾಲಿ ಮೈದಾನದಲ್ಲಿ ನಡೆಯುವ ಆಟೋಕ್ರಾಸ್ ಇದೆ. ಒಂದು ದಿನ ಹೋಗಿ ಮೂಲ ಶಾಕ್‌ನಲ್ಲೇ ಓಡಿಸಿ ಬನ್ನಿ. ಕಾರಿಗೆ ಏನು ಕಡಿಮೆ, ನಮಗೆ ಏನು ಕಡಿಮೆ ಎಂದು ಆ ದಿನ ಕಲಿಸಿದಷ್ಟು ಯಾವ ಜಾಹೀರಾತೂ ಕಲಿಸುವುದಿಲ್ಲ.

ಅಗ್ಗ ಎಂದರೆ ಕಡಿಮೆ ಬೆಲೆ ಎಂದಷ್ಟೇ ಅಲ್ಲ. ಮೂರು ಚಳಿಗಾಲ ಕಳೆದ ಮೇಲೂ ಕೆಲಸ ಮಾಡುವ, ಕೆಟ್ಟರೆ ಸರಿಮಾಡಿಸಬಹುದಾದ ವಸ್ತು ಅಗ್ಗ. ವರ್ಷಕ್ಕೊಮ್ಮೆ ಎಸೆಯುವ ವಸ್ತು ಎಷ್ಟು ಕಡಿಮೆಗೆ ಸಿಕ್ಕರೂ ದುಬಾರಿಯೇ. ಕೂಟದಲ್ಲಿ ಈಗಾಗಲೇ ಕಾಯಿಲ್‌ಓವರ್ ಹಾಕಿಸಿದವರು, ‘ನಿನ್ನ ಮಾತು ಒಪ್ಪುವುದಿಲ್ಲ’ ಎನ್ನುವವರು, ದಯವಿಟ್ಟು ಬರೆದು ಕಳಿಸಿ. ನಿಮ್ಮ ಕಾರು ಯಾವುದು, ಸ್ಪ್ರಿಂಗ್ ಗಡಸು ಎಷ್ಟು, ಎಷ್ಟು ಚಳಿಗಾಲ ಬಾಳಿತು ಎಂಬುದನ್ನು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಎಲ್ಲರಿಗೂ ಉಪಯೋಗವಾಗುತ್ತದೆ. ಏನಂತೀರಿ?